ಟಣ್ ಮೇಡಂಗೆ ಯಾರ ಮೇಲೂ ನಂಬಿಕೆಯಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೈಸ್ಕೂಲಿನ ಹಿಂಬದಿ, ತಗಡಿನ ಛಾವಣಿಯ ಉದ್ದನೆ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸು ಸಾಣೆಯಂತ್ರದಿಂದ ಕಲ್ಲಿನ ಚಕ್ರವನ್ನು ಬಿಚ್ಚಿ, ನಡುವಿನ ತೂತಿಗೆ ಬೆರಳು ತೂರಿಸಿ ಎತ್ತಿ ಹಿಡಿದು, ಸುತ್ತಿಗೆಯ ಮರದ ಹಿಡಿಯಿಂದ ಅದರ ಮೈಗೆ ಮೆಲ್ಲಗೆ ಬಡಿಯುತ್ತಾರೆ. ಟಣ್. ಚಕ್ರವನ್ನು ತುಸು ತಿರುಗಿಸಿ ಮತ್ತೆ ಬಡಿಯುತ್ತಾರೆ. ಟಣ್. ಕಿವಿಯ ಹತ್ತಿರ ತಂದು ಇನ್ನೊಮ್ಮೆ. ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಸದ್ದು ಮಂಕಾಗುತ್ತದೆ. ಅಂಥ ಚಕ್ರ ವೇಗವಾಗಿ ತಿರುಗುವಾಗ ಸಿಡಿದರೆ ಚೂರುಗಳು ಎದುರಿಗೆ ನಿಂತ ಮಗುವಿನ ಮುಖಕ್ಕೇ ಬರುತ್ತವೆ.

ಇದನ್ನು ದಿನಾ ಮಾಡಬೇಕಾಗಿಲ್ಲ, ಹೊಸ ಚಕ್ರ ಹಾಕುವಾಗ ಮಾಡಿದರೆ ಸಾಕು ಎಂದು ಅವರಿಗೂ ಗೊತ್ತು. ನಿನ್ನೆ ಸಂಜೆ ಚೆನ್ನಾಗಿಯೇ ಇತ್ತಲ್ಲ ಎಂದು ಯಾರಾದರೂ ಅಂದರೆ ಅವರ ಉತ್ತರ ಸಿದ್ಧವಾಗಿರುತ್ತದೆ. "ನಾನು ಬೀಗ ಹಾಕ್ಕೊಂಡು ಹೋದ್ಮೇಲೆ ಇಲ್ಲಿ ಏನಾಯ್ತು ಅಂತ ನಂಗೇನು ಗೊತ್ತು?"

ಈ ಸದ್ದಿನಿಂದಲೇ ಮಕ್ಕಳು ಅವರಿಗೆ ಟಣ್ ಮೇಡಂ ಎಂದು ಹೆಸರಿಟ್ಟಿದ್ದಾರೆ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಅವರಿಗೆ ಗೊತ್ತಿಲ್ಲದೆ ಇಲ್ಲ.

ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳನ್ನು ಕಾರ್ಖಾನೆ ಕೆಲಸಕ್ಕೆ, ಮುಂದೆ ಓದುವುದಾದರೆ ಎಂಜಿನಿಯರಿಂಗಿಗೆ ಅಣಿ ಮಾಡುವುದು ಅವರ ಕೆಲಸ. ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ಅರದಿಂದ ಉಜ್ಜಿ ಚೌಕ ಮಾಡುವುದರಿಂದ ಶುರುವಾಗಿ, ನಕ್ಷೆ ಓದುವುದು, ಅಳತೆ ತೆಗೆಯುವುದು, ಕೊನೆಗೆ ಲೇತ್ ಯಂತ್ರದಲ್ಲಿ ಸಲಾಕೆ ಕಡೆಯುವುದು ಇವೆಲ್ಲ ಅವರ ಪಾಠ. ಮೊದಲ ತಿಂಗಳು ಮಕ್ಕಳಿಗೆ ಅರ ಬಿಟ್ಟು ಬೇರೇನೂ ಸಿಗುವುದಿಲ್ಲ. ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ಭುಜ ನೋಯುತ್ತದೆ, ಕೆಲವರು ಅತ್ತೂ ಬಿಡುತ್ತಾರೆ. ಮೇಡಂ ಕರಗುವುದಿಲ್ಲ. ಚೌಕದ ಪಟ್ಟಿಯನ್ನು ತುಂಡಿಗೆ ಆನಿಸಿ ಬೆಳಕಿಗೆ ಹಿಡಿದು, ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ವಾಪಸ್ ಕೊಡುತ್ತಾರೆ.

ಅವರು ಬಂದದ್ದು ಕಾರ್ಖಾನೆಯಿಂದಲೇ. ಬೇರಿಂಗ್ ಮಾಡುವ ಕಡೆ ತಪಾಸಣೆ ವಿಭಾಗದಲ್ಲಿದ್ದರು. ಬೇರೆಯವರು ಸರಿಯಾಗಿದೆ ಎಂದು ಕಳಿಸಿದ್ದನ್ನು ಸರಿಯಿಲ್ಲ ಎಂದು ತೋರಿಸುವುದೇ ಅಲ್ಲಿ ಅವರ ಸಂಬಳದ ಕೆಲಸ. ಆ ಕಾರ್ಖಾನೆ ಬಾಗಿಲು ಮುಚ್ಚಿದಾಗ, ಹೈಸ್ಕೂಲಿಗೆ ತಾತ್ಕಾಲಿಕ ಎಂದು ಸೇರಿಕೊಂಡರು. ಆಮೇಲೆ ಇಬ್ಬರು ಹೆಡ್‌ಮಾಸ್ಟರುಗಳು ನಿವೃತ್ತರಾದರು. ಇವರು ಇನ್ನೂ ತಾತ್ಕಾಲಿಕವೇ. ಕಾರ್ಖಾನೆ ಬಿಟ್ಟರೂ ಆ ಬುದ್ಧಿ ಬಿಡಲಿಲ್ಲ ಎಂದು ಮನೆಯವರು ನಗುತ್ತಾರೆ. ಅಂಗಡಿಯವನ ತಕ್ಕಡಿಯನ್ನು ಬರಿದು ಮಾಡಿಸಿ ಮುಳ್ಳು ನೋಡದೆ ಅವರು ಬೇಳೆ ತರುವುದಿಲ್ಲ. ಗಂಡ ಒಲೆ ಆರಿಸಿದೆ ಅಂದರೂ ಒಮ್ಮೆ ಎದ್ದು ಹೋಗಿ ನೋಡುತ್ತಾರೆ. ಅತ್ತೆಯ ಬಾಯಿಯಂತೂ ಕೇಳುವುದೇ ಬೇಡ. "ನಾಳೆ ನಾನು ಸತ್ತರೂ ನನ್ನ ಸೊಸೆ ಸುಮ್ನೆ ಅಳಲ್ಲ. ಮೂಗಿನ ಹತ್ರ ಬೆರಳಿಟ್ಟು ಮೂರು ಸಲ ನೋಡಿ, ಆಮೇಲೆ ಅಳೋಕೆ ಶುರು ಮಾಡ್ತಾಳೆ."

ಇಷ್ಟೆಲ್ಲ ಅನುಮಾನದ ಮನುಷ್ಯೆಯನ್ನೂ ಮೋಸ ಮಾಡಲು ಸಾಧ್ಯ. ಹೋದ ವರ್ಷ ಅದು ಆಯಿತು.

ಶಾಲೆಯ ಕೋಣೆಯಲ್ಲಿ ಕಲಿತದ್ದು ಸಾಲದು, ನಿಜವಾದ ಕಾರ್ಖಾನೆಯ ಗದ್ದಲದಲ್ಲಿ ನಿಂತು ಕಲಿಯಬೇಕು ಎನ್ನುವುದು ಮೇಡಂ ಹಳೆಯ ಹಟ. ಬಾಗಿಲು ಬಾಗಿಲು ತಟ್ಟಿದ ಮೇಲೆ ಕೊನೆಗೆ ನೀರಿನ ಪಂಪು ಮಾಡುವ ದೊಡ್ಡ ಕಾರ್ಖಾನೆಯೊಂದು ಒಪ್ಪಿತು. ಹತ್ತನೇ ತರಗತಿಯ ಮಕ್ಕಳು ವಾರಕ್ಕೊಂದು ದಿನ ಅಲ್ಲಿಗೆ ಹೋಗಬಹುದು. ಅವರಿಗೆಂದೇ ಒಂದು ಕೋಣೆ, ಅದರಲ್ಲಿ ಬೆಂಚುಗಳು, ಹಳೆಯದಾದರೂ ಗಟ್ಟಿಯಾದ ಒಂದು ಲೇತ್, ಕಲಿಸಲು ಒಬ್ಬ ಕೆಲಸಗಾರ. ಮಕ್ಕಳಿಂದ ಮಾರಾಟದ ಮಾಲು ಮಾಡಿಸಕೂಡದು ಎಂದು ಮೇಡಂ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಸೂಪರ್‌ವೈಸರ್ ನಗುನಗುತ್ತಲೇ ಒಪ್ಪಿದ್ದ. ಹೆಡ್‌ಮಾಸ್ಟರಿಗೆ ಹಿಡಿಸಲಾರದಷ್ಟು ಖುಷಿ. ಬಂದ ಬಂದವರಿಗೆಲ್ಲ ನಮ್ಮ ಮಕ್ಕಳು ಕಾರ್ಖಾನೆಗೆ ಹೋಗುತ್ತಾರೆ ಎಂದು ಹೇಳಿದ್ದೇ ಹೇಳಿದ್ದು.

ಖುಷಿಯಾಗದೆ ಉಳಿದವರು ಒಬ್ಬರೇ. ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮ. ಅವರ ಮಗಳು ಹತ್ತನೇ ತರಗತಿಯಲ್ಲಿದ್ದಳು. ಅರ ಹಿಡಿದರೆ ಊಟ ಮರೆಯುವ ಹುಡುಗಿ, ಮಾತು ಮಾತ್ರ ಕಡಿಮೆ. ಪೋಷಕರ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಟೈಲರಮ್ಮ ಎದ್ದು ನಿಂತು, ನನ್ನ ಮಗಳು ಓದೋಕೆ ಬಂದಿರೋದು, ದುಡಿಯೋಕಲ್ಲ ಎಂದರು. ಅವಳು ಕಲಿಯಲೆಂದೇ ಹೋಗುತ್ತಾಳೆ ಎಂದು ಮೇಡಂ ಸಮಾಧಾನ ಹೇಳಿದರು. ಟೈಲರಮ್ಮ ಅವರ ಮುಖವನ್ನೇ ನೋಡುತ್ತಾ ಹೇಳಿದ ಮಾತು ಸಭೆಯನ್ನೇ ತಣ್ಣಗೆ ಮಾಡಿತು.

"ಕಲಿಸ್ತೀವಿ ಅಂತಾನೇ ನನ್ನನ್ನೂ ಕರ್ಕೊಂಡು ಹೋಗಿದ್ರು ಮೇಡಂ. ಇವಳಷ್ಟೇ ಇದ್ದೆ. ಎರಡು ವರ್ಷ ಬರೀ ದಾರ ಕತ್ತರಿಸಿದೆ. ಮಿಷನ್ ಮುಟ್ಟೋಕೂ ಬಿಡ್ಲಿಲ್ಲ."

ಆಮೇಲೆ ಮಗಳು ಅತ್ತು ಕರೆದು ತಾಯಿಯನ್ನು ಒಪ್ಪಿಸಿದಳು. ಆದರೆ ಒಪ್ಪಿದ್ದಷ್ಟೇ, ನಂಬಿದ್ದಲ್ಲ. ಕಾರ್ಖಾನೆಗೆ ಹೋಗುವ ದಿನ ಟೈಲರಮ್ಮ ಹೊಲಿಗೆಯಂತ್ರಕ್ಕೆ ಬಟ್ಟೆ ಹೊದಿಸಿ, ಕಾಜಾ ಹಾಕಬೇಕಾದ ಅಂಗಿಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು, ಗೇಟಿನ ಎದುರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಬಸ್ಸುಗಳು ಬಂದು ಹೋಗುತ್ತಿದ್ದವು, ಅವರು ಯಾವುದಕ್ಕೂ ಹತ್ತುತ್ತಿರಲಿಲ್ಲ. ವಾಚ್‌ಮನ್ ಮೊದಮೊದಲು ಯಾರೋ ಸಾಲ ವಸೂಲಿಗೆ ಬಂದವರೆಂದು ತಿಳಿದನಂತೆ.

ಟಣ್ ಮೇಡಂಗೆ ಇದು ಕಿರಿಕಿರಿಯಾಯಿತು. ಲೋಕವನ್ನೆಲ್ಲ ಅನುಮಾನಿಸುವ ಅವರಿಗೆ, ತಮ್ಮನ್ನೇ ಒಬ್ಬರು ಹಾಗೆ ನೋಡುವುದು ಅದೇ ಮೊದಲು. ಬೆಳಗ್ಗೆ ಮಕ್ಕಳ ಜೊತೆ ಬಸ್ಸಿಳಿಯುವಾಗ ಆ ಎರಡು ಕಣ್ಣುಗಳು ಬೆನ್ನಿಗೆ ಅಂಟಿಕೊಳ್ಳುತ್ತಿದ್ದವು. ಮಧ್ಯಾಹ್ನ ಶಾಲೆಯಲ್ಲಿ ಎಂಟನೇ ತರಗತಿಗೆ ಗಣಿತದ ಪಾಠವನ್ನೂ ಅವರೇ ಮಾಡಬೇಕಿದ್ದರಿಂದ ಮಕ್ಕಳನ್ನು ಊಟಕ್ಕೆ ಬಿಟ್ಟು ಹೊರಡುವಾಗಲೂ ಅವೇ ಕಣ್ಣುಗಳು. ತಲೆಗಿಷ್ಟು ಅಂತ ಕಮಿಷನ್ ತಗೊಂಡು ಮಕ್ಕಳನ್ನು ಒಪ್ಪಿಸ್ತಾಳೆ ಎಂಬ ಗಾಳಿಸುದ್ದಿಯೂ ಕಿವಿಗೆ ಬಿದ್ದಿತ್ತು. ಅದನ್ನು ಹಬ್ಬಿಸಿದ್ದು ಟೈಲರಮ್ಮನೇ ಎಂದು ಮೇಡಂ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡರು.

ತಮ್ಮ ಕಣ್ಣಳತೆಯಲ್ಲಂತೂ ಅವರಿಗೆ ಎಲ್ಲ ಸರಿಯಾಗಿತ್ತು. ಹೋದಾಗೆಲ್ಲ ಮಕ್ಕಳ ಕೈ ಹಿಡಿದು ನೋಡುತ್ತಿದ್ದರು. ಬೆರಳ ಸಂದಿಯಲ್ಲಿ ಕಬ್ಬಿಣದ ಪುಡಿ, ಎಣ್ಣೆಯ ವಾಸನೆ. ಕಲಿಯುವ ಕೈ ಹೇಗಿರಬೇಕೋ ಹಾಗೇ ಇತ್ತು.

ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಟೈಲರಮ್ಮ ಮಗಳ ಸಮವಸ್ತ್ರವನ್ನು ಮಡಚಿ ಹಿಡಿದುಕೊಂಡು ಬಂದರು. ಮೇಜಿನ ಮೇಲೆ ಹರಡಿ, ತೋಳಿನ ಅಂಚನ್ನು ತೋರಿಸಿದರು. ಮಾಸಲು ಕಂದು ಬಣ್ಣದ ಅಂಟು, ಅದಕ್ಕೆ ಮೆತ್ತಿಕೊಂಡ ರಟ್ಟಿನ ನವಿರು ಎಳೆಗಳು. ಬಿಸಿನೀರಿಗೂ ಹೋಗಿಲ್ಲ, ಸೀಮೆಎಣ್ಣೆಗೂ ಹೋಗಿಲ್ಲ ಎಂದರು. ಬಟ್ಟೆ ಹೊಲಿದು ಪೆಟ್ಟಿಗೆಗೆ ತುಂಬಿ ಕಳಿಸಿ ರೂಢಿಯಿದ್ದ ಅವರಿಗೆ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ.

"ಇದು ಗಮ್‌ಟೇಪಿನ ಅಂಟು ಮೇಡಂ. ಕಬ್ಬಿಣ ಕಡಿಯೋ ಕಡೆ ಗಮ್‌ಟೇಪ್ ಎಲ್ಲಿಂದ ಬಂತು?"

ಮೇಡಂಗೆ ಮೊದಲು ಬಂದದ್ದು ಸಿಟ್ಟು. ಮಗಳನ್ನು ಬಿಡಿಸಿಕೊಳ್ಳುವುದಕ್ಕೆ ಈಕೆ ನೆಪ ಹುಡುಕುತ್ತಿದ್ದಾಳೆ ಅನ್ನಿಸಿತು. ಮಕ್ಕಳು ಎಲ್ಲಿ ಬೇಕಾದರೂ ಅಂಟು ತಾಗಿಸಿಕೊಂಡು ಬರುತ್ತಾರೆ ಎಂದು ಬಿರುಸಾಗಿ ಹೇಳಿದರು. ಟೈಲರಮ್ಮನೂ ಬಿಡಲಿಲ್ಲ. ನೀವು ಹೊರಟ ಮೇಲೆ ಮಕ್ಕಳು ಅಂಗಳ ದಾಟಿ ಹಿಂದಿನ ಶೆಡ್ಡಿಗೆ ಹೋಗುತ್ತಾರೆ, ಸಂಜೆ ಅಲ್ಲಿಂದಲೇ ಬರುತ್ತಾರೆ, ಗೇಟು ತೆಗೆದಾಗೆಲ್ಲ ನನಗೆ ಕಾಣುತ್ತದೆ ಎಂದರು. ನಿಮಗೆ ಗೊತ್ತಿಲ್ಲ ಅಂದರೆ ನಾನು ನಂಬಬೇಕಾ ಎಂದೂ ಕೇಳಿದರು. ಮಾತಿಗೆ ಮಾತು ಬೆಳೆದು, ಪಕ್ಕದ ಕೋಣೆಯ ಮೇಷ್ಟ್ರು ಬಂದು ನಿಂತು ನೋಡುವಷ್ಟಾಯಿತು.

ಟೈಲರಮ್ಮ ಹೋದ ಮೇಲೆ ಮೇಡಂ ದೀಪ ಹಾಕಿಕೊಂಡರು. ಮೇಜಿನ ಮೇಲೆ ಬಿಟ್ಟುಹೋಗಿದ್ದ ಅಂಗಿಯ ತೋಳನ್ನು ಉಗುರಿನಿಂದ ಕೆರೆದು ನೋಡಿದರು. ಅಂಟು ಉಗುರಿಗೂ ಹತ್ತಿತು.

ಮರುದಿನ ಹುಡುಗಿಯನ್ನು ಒಬ್ಬಳನ್ನೇ ಕರೆದು ಕೇಳಿದರು. ಹುಡುಗಿ ನೆಲ ನೋಡುತ್ತಾ ಬಾಯಿ ಬಿಟ್ಟಳು. ಬೆಳಗ್ಗೆ ಲೇತ್ ಕಲಿಸುತ್ತಾರೆ, ಊಟ ಆದ ಮೇಲೆ ಎಲ್ಲರೂ ಹಿಂದಿನ ಶೆಡ್ಡಿನಲ್ಲಿ ಪಂಪುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಟೇಪು ಅಂಟಿಸುತ್ತೇವೆ, ಶುರುವಿನಿಂದಲೂ ಹೀಗೇ ಎಂದಳು. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಮೇಡಂ ಕೇಳಿದರು.

"ನಿಮಗೆ ಗೊತ್ತಿದೆ ಅಂತ ಸೂಪರ್‌ವೈಸರ್ ಸರ್ ಹೇಳಿದ್ರು" ಎಂದಳು ಹುಡುಗಿ. ಆಮೇಲೆ ಸೇರಿಸಿದಳು. "ನಾವೂ ಹಾಗೇ ಅಂದ್ಕೊಂಡಿದ್ವಿ."

ಈ ಮಾತನ್ನು ಹೇಳುವಾಗ ಟಣ್ ಮೇಡಂ ಇವತ್ತಿಗೂ ಕೈಯಲ್ಲಿರುವುದನ್ನು ಕೆಳಗಿಡುತ್ತಾರೆ. "ಸೂಪರ್‌ವೈಸರ್ ಮೋಸ ಮಾಡಿದ್ದು ನಂಗೆ ದೊಡ್ಡದಲ್ಲ. ಅಂಥವರನ್ನ ನಾನು ನೋಡಿದೀನಿ. ಆದ್ರೆ ಮಕ್ಕಳು ಅಷ್ಟು ದಿನ ನನ್ನ ಮುಖ ನೋಡ್ಕೊಂಡು, ಇವರೂ ಅವರ ಕಡೆಯವರೇ ಅಂದ್ಕೊಂಡು ಪಾಠ ಕಲಿತಿದ್ರಲ್ಲ. ಅದು ಇಳೀತಾನೇ ಇಲ್ಲ."

ಮುಂದಿನ ವಾರ ಅವರು ಎಂದಿನಂತೆ ಮಕ್ಕಳನ್ನು ಬಿಟ್ಟು, ಎಂದಿನಂತೆ ಮಧ್ಯಾಹ್ನ ಹೊರಟು ಬಸ್ ಹತ್ತಿದರು. ಮುಂದಿನ ನಿಲ್ದಾಣದಲ್ಲೇ ಇಳಿದು ನಡೆದು ವಾಪಸ್ ಬಂದರು. ಕಲ್ಲುಬೆಂಚಿನ ಮೇಲೆ ಟೈಲರಮ್ಮ ಕೂತಿದ್ದರು. ಬನ್ನಿ ಎಂದಷ್ಟೇ ಹೇಳಿದರು ಮೇಡಂ. ಟೈಲರಮ್ಮ ಸೂಜಿಯನ್ನು ಅಂಗಿಗೆ ಚುಚ್ಚಿ, ಚೀಲ ಎತ್ತಿಕೊಂಡು ಹಿಂದೆ ನಡೆದರು. ಕನ್ನಡಕ ಒಳಗೇ ಬಿಟ್ಟು ಬಂದೆ ಎಂದು ವಾಚ್‌ಮನ್‌ಗೆ ಹೇಳಿದಾಗ, ಕನ್ನಡಕ ಮೇಡಂ ಮೂಗಿನ ಮೇಲೆಯೇ ಇತ್ತು. ಅವನು ನೋಡಿದ, ಗೇಟು ತೆಗೆದ. ಅವನಿಗೂ ಶಾಲೆಗೆ ಹೋಗುವ ಮಕ್ಕಳಿದ್ದಾರೆಂದು ಅವರಿಗೆ ತಿಳಿದದ್ದು ಆಮೇಲೆ.

ಶೆಡ್ಡಿನಲ್ಲಿ ಉದ್ದನೆ ಮೇಜಿನ ಎರಡೂ ಬದಿಗೆ ಮಕ್ಕಳು ನಿಂತಿದ್ದರು. ಟೇಪು ಎಳೆಯುವ ಚರ್ರೆನ್ನುವ ಸದ್ದು ಬಿಟ್ಟರೆ ಮಾತಿಲ್ಲ. ಮೇಡಂ ಬಾಗಿಲಲ್ಲಿ ನಿಂತದ್ದನ್ನು ಕಂಡು ಒಬ್ಬೊಬ್ಬರ ಕೈಯೂ ನಿಂತಿತು. ಸೂಪರ್‌ವೈಸರ್ ಎಲ್ಲಿಂದಲೋ ದಡಬಡ ಬಂದ. ಇದೂ ಕಲಿಕೆಯೇ, ಕಾರ್ಖಾನೆ ಅಂದ ಮೇಲೆ ಎಲ್ಲ ವಿಭಾಗವೂ ಗೊತ್ತಿರಬೇಕು, ಶಿಸ್ತು ಬರುತ್ತದೆ ಎಂದು ಹೇಳತೊಡಗಿದ. ಟೈಲರಮ್ಮ ಒಂದೇ ಪ್ರಶ್ನೆ ಕೇಳಿದರು. ಮಕ್ಕಳು ಬರದೇ ಇರುವ ದಿನ ಈ ಮೇಜಿನ ಹತ್ತಿರ ಸಂಬಳ ತಗೊಂಡು ಯಾರು ನಿಂತಿರುತ್ತಾರೆ? ಅವನು ಮತ್ತೆ ಶಿಸ್ತಿನ ಮಾತೇ ಎತ್ತಿದ. ಮೇಡಂ ಅವನ ಕಡೆ ತಿರುಗಲೂ ಇಲ್ಲ. "ಕೈ ತೊಳ್ಕೊಂಡು ಬನ್ರೋ, ಹೊರಡೋಣ" ಎಂದರು ಮಕ್ಕಳಿಗೆ. ಬಸ್ಸಿಗೆ ಕಾಯುವಾಗ ಎಲ್ಲರೆದುರೂ, ನಂಗೆ ಗೊತ್ತಿರಲಿಲ್ಲ ಕಣ್ರೋ ಎಂದು ಒಂದು ಸಲ ಹೇಳಿದರು. ಮಕ್ಕಳು ತಲೆಯಾಡಿಸಿದರು. ಎಷ್ಟು ಜನ ನಂಬಿದರೋ ಅವರಿಗೆ ಇವತ್ತಿಗೂ ಖಾತ್ರಿಯಿಲ್ಲ.

ಒಳ್ಳೆಯದು ಮಾಡಿದೆ ಎಂದು ಬೆನ್ನು ತಟ್ಟಿದವರು ಕಡಿಮೆ. ಅಪ್ಪಣೆಯಿಲ್ಲದೆ ಒಳಗೆ ನುಗ್ಗಿದರೆಂದು ಕಾರ್ಖಾನೆ ದೂರಿತು. ಇದ್ದ ಒಂದು ಬಾಗಿಲನ್ನೂ ಮುಚ್ಚಿಸಿದಿರಿ ಎಂದು ಹೆಡ್‌ಮಾಸ್ಟರ್ ಮುಖ ಸಿಂಡರಿಸಿದರು. ಕೆಲವು ಅಪ್ಪಂದಿರಿಗೆ ಅದಕ್ಕಿಂತ ಸಿಟ್ಟು. ನಾಲ್ಕು ಪೆಟ್ಟಿಗೆ ಕಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು, ಮುಂದೆ ಅಲ್ಲೇ ಕೆಲಸ ಸಿಗುತ್ತಿತ್ತಲ್ಲ ಎಂದರು. ಬೇರೆ ಕಾರ್ಖಾನೆಯವರು ಈಕೆಯನ್ನು ಕೊಂಡುಕೊಂಡಿದ್ದಾರೆ ಎಂಬ ಮಾತೂ ಹುಟ್ಟಿತು. ಈ ಸಲ ಅದನ್ನು ಹಬ್ಬಿಸಿದವರು ಯಾರೆಂದು ಊಹಿಸುವ ಗೋಜಿಗೆ ಮೇಡಂ ಹೋಗಲಿಲ್ಲ. ಹೋದ ಸಲದ ಊಹೆ ತಪ್ಪಾಗಿತ್ತು. ಕಮಿಷನ್ ಮಾತು ಶುರುವಾದದ್ದು ಶಾಲೆಯ ಸಿಬ್ಬಂದಿ ಕೋಣೆಯಲ್ಲೇ ಎಂದು ಅಷ್ಟರಲ್ಲಿ ತಿಳಿದಿತ್ತು. ಟೈಲರಮ್ಮನಿಗೆ ಅದನ್ನು ಹೇಳಿ ಕ್ಷಮೆ ಕೇಳಿದಾಗ ಆಕೆ, ನಾನು ಹಬ್ಬಿಸಲಿಲ್ಲ, ಆದರೆ ಕೇಳಿದಾಗ ನಂಬಿದ್ದಂತೂ ಹೌದು ಎಂದರಂತೆ.

ಬೇರೆ ಜಾಗ ಹುಡುಕಲು ಇಬ್ಬರೂ ಒಟ್ಟಿಗೇ ಹೊರಟರು. ಯಾರೂ ಹೇಳಿದ್ದಲ್ಲ. ಶಾಲೆ ಬಿಟ್ಟ ಮೇಲೆ ಟೈಲರಮ್ಮ ಗೇಟಿನ ಹತ್ತಿರ ನಿಂತಿದ್ದರು, ಅಷ್ಟೆ. ಎಲ್ಲ ಕಡೆಯೂ ಅವರನ್ನೇ ಅನುಮಾನದಿಂದ ನೋಡಿದರು. ಒಬ್ಬ ಮಾಲೀಕ ಇವರನ್ನು ಕಾರ್ಮಿಕ ಇಲಾಖೆಯವರೆಂದು ತಿಳಿದು ಹಿಂಬಾಗಿಲಿನಿಂದ ಜಾಗ ಖಾಲಿ ಮಾಡಿದ. ಇನ್ನೊಬ್ಬ, ಮಕ್ಕಳಿಗೆ ಪೆಟ್ಟಾದರೆ ನನ್ನ ತಲೆಗೆ ಬರುತ್ತೆ ಎಂದು ಕೈ ಮುಗಿದ. ಕಡೆಗೆ ಹೋದದ್ದು ಹಳೆಯ ಯಂತ್ರಗಳ ಗೇರು ಚಕ್ರ ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪಿಗೆ. ಅದರ ಯಜಮಾನರನ್ನು ಊರೆಲ್ಲ ಗೊಣಗಜ್ಜ ಎಂದೇ ಕರೆಯುವುದು. ಅವರು ಇಬ್ಬರನ್ನೂ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸಿದರು. ಮಕ್ಕಳು ಬಂದು ಏನು ಕದ್ದುಕೊಂಡು ಹೋಗುತ್ತಾರೋ ಎಂದು ಗೊಣಗಿದರು.

"ಕೆಲಸ ಕದಿಯೋಕೇ ಬರ್ತಾರೆ. ಬಚ್ಚಿಡಬೇಡಿ" ಎಂದರು ಟಣ್ ಮೇಡಂ.

ಅಜ್ಜನಿಗೆ ನಗು ಬಂತೋ ಇಲ್ಲವೋ ತಿಳಿಯಲಿಲ್ಲ, ಒಳಗಂತೂ ಕರೆದರು. ಅರ್ಧ ಅರ್ಧ ತಂಡವಾಗಿ ಬರಬೇಕು, ಚಪ್ಪಲಿಯಲ್ಲಿ ಬಂದವರನ್ನು ಹಾಗೇ ವಾಪಸ್ ಕಳಿಸುತ್ತೇನೆ ಎಂದರು. ನಾನು ಒಳಗೇ ಕೂರುತ್ತೇನೆ ಎಂದರು ಟೈಲರಮ್ಮ. ಅದಕ್ಕೂ ಗೊಣಗಿ, ಒಂದು ಸ್ಟೂಲು ಎಳೆದು ಕೊಟ್ಟರು.

ಈಗ ಅದೇ ಕ್ರಮವಾಗಿಬಿಟ್ಟಿದೆ. ವರ್ಕ್‌ಶಾಪಿಗೆ ಹೋಗುವ ದಿನ ಸರದಿಯ ಮೇಲೆ ಒಬ್ಬ ತಾಯಿಯೋ ತಂದೆಯೋ ಆ ಸ್ಟೂಲಿನ ಮೇಲೆ ಇರಲೇಬೇಕು. ಮೇಡಂ ಒಂದು ವಾರ ಬಂದ ಹೊತ್ತಿಗೇ ಮುಂದಿನ ವಾರವೂ ಬರುವುದಿಲ್ಲ. ಎಂಟನೇ ತರಗತಿಯ ಪಾಠವನ್ನು ಆ ದಿನಕ್ಕೆ ಬೇರೆ ಮೇಷ್ಟ್ರಿಗೆ ಒಪ್ಪಿಸಿದ್ದಾರೆ, ಬದಲಿಗೆ ಅವರ ಎರಡು ತರಗತಿಗಳ ಉತ್ತರ ಪತ್ರಿಕೆ ಇವರೇ ತಿದ್ದುತ್ತಾರೆ. ಹೊರಡುವ ಮೊದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಲ್ಲಿ ಯಾರೇ ಆಗಲಿ ಮೇಡಂಗೆ ಗೊತ್ತು ಅಂದರೆ ನನ್ನನ್ನೇ ಬಂದು ಕೇಳಿ ಎಂದು ಹೇಳುತ್ತಾರೆ. ಪ್ರತಿ ವಾರವೂ ಹೇಳುತ್ತಾರೆ. ಮಕ್ಕಳಿಗೆ ಬೇಸರ ಬಂದಿದೆ, ಕೆಲವರು ಅವರ ಜೊತೆಗೇ ಬಾಯಲ್ಲಿ ಗುನುಗುತ್ತಾರೆ.

ಟೈಲರಮ್ಮನ ಮಗಳು ಹತ್ತನೇ ತರಗತಿ ಮುಗಿಸಿ, ಪಾಲಿಟೆಕ್ನಿಕ್ಕಿನ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದ್ದಾಳೆ. ರಜೆ ಬಂದರೆ ಗೊಣಗಜ್ಜನ ವರ್ಕ್‌ಶಾಪಿನಲ್ಲೇ ಇರುತ್ತಾಳೆ. ಅವಳ ತಾಯಿಗೆ ಸರದಿ ಮುಗಿದು ಎಷ್ಟೋ ತಿಂಗಳಾಯಿತು. ಆದರೂ ಯಾರಾದರೂ ಪೋಷಕರು ಬರಲಾಗಲಿಲ್ಲ ಅಂದರೆ ಕಾಜಾ ಹಾಕುವ ಅಂಗಿಗಳನ್ನು ಎತ್ತಿಕೊಂಡು ಅವರೇ ಬರುತ್ತಾರೆ. ಇವತ್ತೂ ಆ ಸ್ಟೂಲಿನ ಮೇಲೆ ಅವರೇ ಕೂತಿದ್ದಾರೆ. ಮೇಡಂ ಮೇಲೆ ಈಗ ನಂಬಿಕೆ ಬಂತೇ ಎಂದು ಕೇಳಿದರೆ ಹಲ್ಲಿನಲ್ಲಿ ದಾರ ಕಡಿಯುತ್ತಾ, ಮೊದಲಿಗಿಂತ ಪರವಾಗಿಲ್ಲ ಎನ್ನುತ್ತಾರೆ. ಪಕ್ಕದಲ್ಲೇ ನಿಂತ ಮೇಡಂಗೆ ಅದು ಸಾಕಷ್ಟು ದೊಡ್ಡ ಪ್ರಶಸ್ತಿಯ ಹಾಗೆ ಕಾಣುತ್ತದೆ. ಕೆಲಸ ಕಾಯಂ ಆಗುವ ಆಸೆಯನ್ನು ಅವರು ಬಿಟ್ಟು ಬಹಳ ದಿನವಾಯಿತಂತೆ. ಇನ್ನೇನು ಆಸೆ ಉಳಿದಿದೆ ಎಂದು ಕೇಳಿದರೆ ಮಾತ್ರ ಒಂದನ್ನು ಹೇಳುತ್ತಾರೆ.

"ಈ ಮಕ್ಕಳಲ್ಲಿ ಒಬ್ರಾದ್ರೂ ನಾಳೆ ಒಂದು ಕಾರ್ಖಾನೆ ನೋಡ್ಕೊಳ್ಳೋ ಹಾಗೆ ಆಗ್ಬೇಕು. ಒಂದಿನ ಹೇಳದೆ ಕೇಳದೆ ನಾನಲ್ಲಿಗೆ ಹೋಗ್ಬೇಕು. ಯಾಕೆ ಬಂದ್ರಿ ಅನ್ನದೆ ಒಳಗೆ ಬಿಟ್ರೆ, ಅಷ್ಟು ಸಾಕು ನಂಗೆ."

"ಹೋಗೋದಾದ್ರೆ ಬೆಳಗ್ಗೆ ಬೇಡ, ಊಟ ಆದ್ಮೇಲೆ ಹೋಗಿ ಮೇಡಂ" ಎನ್ನುತ್ತಾರೆ ಟೈಲರಮ್ಮ, ಸೂಜಿಯಿಂದ ಕಣ್ಣೆತ್ತದೆ.